ತೊಂಬತ್ತು ದಿನದ ಮಾಲಿ

ಕೆಲಸಕ್ಕೆ ಸೇರಿದ ನಾಲ್ಕನೆಯ ದಿನ ನನ್ನ ಗಂಡ ನಗುನಗುತ್ತಾ ಮನೆಗೆ ಬಂದರು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಮೊದಲ ಮೂರು ದಿನ ಮುಖ ಗಂಟು ಹಾಕಿಕೊಂಡು ಬಂದು, ತುಟಿ ಪಿಟಕ್ಕೆನ್ನದೆ ಉಂಡು ಎದ್ದವರು, ಅಂದು ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವ ಮೊದಲೇ ಮಾತು ಶುರುಮಾಡಿದರು.

"ಅಷ್ಟು ದೊಡ್ಡ ಕಂಪನಿ ಕಣೇ, ಗೇಟಿಂದ ಹಿಡಿದು ಬಾಗಿಲವರೆಗೂ ಬರೀ ಕಳೆ. ದಾರಿಯ ಎರಡೂ ಕಡೆ. ಒಬ್ಬರ ಕಣ್ಣಿಗಾದ್ರೂ ಬಿದ್ದಿಲ್ಲ ನೋಡು. ಇವತ್ತು ಕುಕ್ಕುರುಗಾಲಲ್ಲಿ ಕೂತವನು ಮಧ್ಯಾಹ್ನ ಮೂರಕ್ಕೆ ಎದ್ದೆ. ಎಲ್ಲಾ ಸಾಫು."

"ಕೀಳಿ ಅಂತ ಯಾರಾದ್ರೂ ಹೇಳಿದ್ರಾ?"

"ಕಳೆ ಕೀಳೋಕೆ ಯಾರು ಹೇಳ್ಬೇಕು? ಬೇರು ಸಮೇತ ಎತ್ತಿ, ಮಣ್ಣು ಕೊಡವಿ, ಬುಡ ಮೇಲೆ ಮಾಡಿ ಕಾಂಕ್ರೀಟಿನ ಮೇಲೆ ಹರಡಿ ಬಂದಿದ್ದೀನಿ. ಇನ್ನು ಅದರಪ್ಪ ಬಂದ್ರೂ ಚಿಗುರಲ್ಲ."

ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಸದ್ಯ, ಅಲ್ಲಿ ಮನಸ್ಸು ನಿಂತಿತಲ್ಲ ಅಂದುಕೊಂಡು ಟೀಗೆ ಒಂದು ಚಮಚ ಸಕ್ಕರೆ ಜಾಸ್ತಿಯೇ ಹಾಕಿದೆ. ಅವರು ಲೋಟ ಬಾಯಿಗಿಡುವಷ್ಟರಲ್ಲಿ ಭಾವನ ಫೋನು ಬಂತು. ಭಾವ ಅಂದರೆ ನನ್ನ ಅಕ್ಕನ ಗಂಡ, ಅದೇ ಕಂಪನಿಯಲ್ಲಿ ಬಸ್ಸು ಓಡಿಸುವವರು. ಇವರಿಗೆ ಮಾಲಿ ಕೆಲಸ ಕೊಡಿಸಿದ್ದೂ ಅವರೇ.

"ನಿನ್ನ ಗಂಡನ ತಲೆ ನೆಟ್ಟಗಿದೆಯಾ ಇಲ್ವಾ ಹೇಳಮ್ಮ ಮೊದಲು," ಅಂದರು ಭಾವ. "ಅದು ಕಳೆ ಅಲ್ಲ. ಅಲಂಕಾರದ ಹುಲ್ಲು. ನರ್ಸರಿಯಿಂದ ದುಡ್ಡು ಕೊಟ್ಟು ತರಿಸಿ, ಚಿತ್ರ ಬರೆಯೋ ಇಂಜಿನಿಯರ್ ಹತ್ರ ಜಾಗ ಗುರುತು ಮಾಡಿಸಿ ನೆಡಿಸಿದ್ದು. ಸೂಪರ್‌ವೈಸರ್ ಇಲ್ಲಿ ಕುಣೀತಿದ್ದಾನೆ. ನಾಳೆ ಬೆಳಿಗ್ಗೆ ಬಂದು ಲೆಕ್ಕ ತೀರಿಸ್ಕೊಂಡು ಹೋಗೋಕೆ ಹೇಳು ಅಂದ."

ಫೋನು ಸ್ಪೀಕರಿನಲ್ಲಿತ್ತು. ನನ್ನ ಗಂಡ ಲೋಟ ಕೆಳಗಿಟ್ಟರು.

"ಬಾಲದ ಹುಲ್ಲನ್ನ ದುಡ್ಡು ಕೊಟ್ಟು ತರಿಸ್ತಾರಾ?" ಅಂತ ಕೇಳಿದರು. ನನ್ನನ್ನಲ್ಲ, ಭಾವನನ್ನೂ ಅಲ್ಲ, ಗೋಡೆಯನ್ನು.

ಬಾಲದ ಹುಲ್ಲು ಅನ್ನುವುದು ನಮ್ಮ ಮನೆಯವರು ಇಟ್ಟ ಹೆಸರು. ಮೊಣಕಾಲೆತ್ತರದ ಬುಡ, ತುದಿಯಲ್ಲಿ ಅಳಿಲಿನ ಬಾಲದಂಥ ತೆನೆ. ಒಂದು ತೆನೆ ಬಲಿತು ಗಾಳಿಗೆ ಬಿತ್ತೋ, ಮುಂದಿನ ವರ್ಷ ಬದುವಿನ ತುಂಬಾ ಅದೇ. ತೀರಿಕೊಂಡ ಮಾವನವರಿಗೆ ಈ ಹುಲ್ಲಿನ ಮೇಲೆ ಹಗೆ ಇತ್ತು. ಅವರ ಮಗನಿಗೆ ಅದಕ್ಕಿಂತ ಒಂದು ಹಿಡಿ ಜಾಸ್ತಿ. ನೆಂಟರ ಮನೆಗೆ ಹೋದರೂ ಇವರ ಕೈ ಸುಮ್ಮನಿರುವುದಿಲ್ಲ, ಅಂಗಳದಲ್ಲಿ ಒಂದು ಬುಡ ಕಂಡರೆ ಮಾತಾಡುತ್ತಲೇ ಬಗ್ಗಿ ಕಿತ್ತುಹಾಕುತ್ತಾರೆ. ಅಂಥವರನ್ನು ಕರೆದುಕೊಂಡು ಹೋಗಿ ಅದರ ಮಧ್ಯೆಯೇ ನಿಲ್ಲಿಸಿದ್ದೆ ನಾನು.

ಒಳಗಿನಿಂದ ಅತ್ತೆಯ ದನಿ ಬಂತು. "ಕಿತ್ತಿದ್ದು ಒಳ್ಳೇದೇ ಆಯ್ತು ಬಿಡು. ಅವನ ಅಪ್ಪ ಇದ್ದಿದ್ರೆ ಶಭಾಷ್ ಅಂತಿದ್ರು."

ನನಗೆ ಯಾರ ಶಭಾಷೂ ಬೇಕಿರಲಿಲ್ಲ. ನನಗೆ ಬೇಕಿದ್ದದ್ದು ತೊಂಬತ್ತು ದಿನ. ಅದರಲ್ಲಿ ನಾಲ್ಕು ದಿನ ಆಗಿತ್ತು.

ತೊಂಬತ್ತು ದಿನದ ವಿಷಯ ಹೇಳಬೇಕಾದರೆ ಮಗಳ ಕಿವಿಯ ವಿಷಯ ಹೇಳಬೇಕು. ನಮ್ಮ ಮಗಳಿಗೆ ಒಂಬತ್ತು ವರ್ಷ. ಮನೆಯಲ್ಲಿ ಅವಳನ್ನು ಚೂಟಿ ಅಂತ ಕರೆಯುತ್ತೇವೆ, ನಡೆಯುವುದಕ್ಕಿಂತ ಮೊದಲೇ ಓಡಿದವಳು. ಎರಡು ವರ್ಷದಿಂದ ಅವಳ ಎಡಗಿವಿ ಸೋರುತ್ತಿತ್ತು. ಹತ್ತಿ ಇಟ್ಟೆವು, ಔಷಧಿ ಬಿಟ್ಟೆವು, ನಿಲ್ಲುವುದು, ಮತ್ತೆ ಸೋರುವುದು. ಶಾಲೆಯಲ್ಲಿ ಟೀಚರು 'ನಿಮ್ಮ ಹುಡುಗಿಗೆ ಗಮನ ಇಲ್ಲ, ಹೇಳಿದ್ದು ಒಂದು ಬರೆಯೋದು ಒಂದು' ಅಂತ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕಳಿಸಿದರು. ನಾನೂ ಕಡಿಮೆಯೇನಲ್ಲ. ಕರೆದರೆ ಓಗೊಡುವುದಿಲ್ಲವೆಂದು ಎಷ್ಟು ಸಲ ಬೆನ್ನಿಗೆ ಕೊಟ್ಟಿದ್ದೇನೋ. ಅತ್ತೆ ಬೇರೆ, 'ಅವಳಿಗೆ ಕೇಳಿಸಲ್ಲ ಅಂತಲ್ಲ, ನೀನು ಕೂಗೋದು ಜಾಸ್ತಿಯಾಗಿದೆ' ಅನ್ನುತ್ತಿದ್ದರು.

ಕೊನೆಗೆ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಕಿವಿಯೊಳಗೆ ಲೈಟು ಬಿಟ್ಟು ನೋಡಿ, ಕಿವಿಯ ತಮಟೆಯಲ್ಲಿ ತೂತಾಗಿದೆ, ಆಪರೇಷನ್ ಮಾಡಿ ಮುಚ್ಚಬೇಕು, ತಡವಾದಷ್ಟೂ ಕೇಳುವುದು ಕಡಿಮೆಯಾಗುತ್ತದೆ ಅಂದರು. ಸರಿ ಮಾಡಿ ಅಂದೆವು. ಹೆಸರು ಬರೆದುಕೊಂಡು ಚೀಟಿ ಕೊಟ್ಟರು. ಅದರಲ್ಲಿದ್ದ ತಾರೀಖು ಹದಿನಾಲ್ಕು ತಿಂಗಳು ಆಚೆಯದು. ಖಾಸಗಿ ಆಸ್ಪತ್ರೆಯಲ್ಲಿ ಮರುದಿನವೇ ಮಾಡುತ್ತಾರೆ, ಆದರೆ ಅಲ್ಲಿನ ಕೌಂಟರಿನ ಹುಡುಗಿ ಹೇಳಿದ ಮೊತ್ತ ಕೇಳಿ ನನ್ನ ಗಂಡ ಅವಳಿಗೆ ಧನ್ಯವಾದ ಹೇಳಿ ಹೊರಗೆ ಬಂದುಬಿಟ್ಟರು.

ಅದನ್ನು ಅಕ್ಕನ ಮುಂದೆ ಅತ್ತುಕೊಂಡಾಗ ಭಾವ ಕಂಪನಿಯ ಕಾರ್ಡಿನ ವಿಷಯ ಎತ್ತಿದರು. ಬಾಟಲಿಗೆ ಮುಚ್ಚಳ ಮಾಡುವ ಕಂಪನಿ ಅದು. ಅಲ್ಲಿ ಯಾರೇ ಸೇರಲಿ, ಗೇಟು ಕಾಯುವವನೇ ಆಗಲಿ, ತೊಂಬತ್ತು ದಿನ ಬಿಡದೆ ಕೆಲಸ ಮಾಡಿದರೆ ಇಡೀ ಮನೆಗೆ ಆಸ್ಪತ್ರೆ ಕಾರ್ಡು. ಅದನ್ನು ತೋರಿಸಿದರೆ ಅದೇ ಖಾಸಗಿ ಆಸ್ಪತ್ರೆಯಲ್ಲಿ ಒಂದು ಪೈಸೆ ಕೊಡಬೇಕಾಗಿಲ್ಲ.

ಜನ ಏನೇನೋ ಅಂದುಕೊಳ್ಳುತ್ತಾರೆ. ಸಣ್ಣ ಹಿಡುವಳಿಯವರು ಹೊರಗೆ ದುಡಿಯಲು ಹೋದರೆ, ಪಾಪ, ಭೂಮಿ ಕೈಕೊಟ್ಟಿರಬೇಕು, ಅಥವಾ ಮೈಗಳ್ಳತನ ಬಂದಿರಬೇಕು ಅನ್ನುತ್ತಾರೆ. ನಮ್ಮ ಭೂಮಿ ಕೈಕೊಟ್ಟಿರಲಿಲ್ಲ. ಒಂದೂವರೆ ಎಕರೆಯಲ್ಲಿ ಆ ವರ್ಷದ ಎಲೆಕೋಸು ನೋಡಬೇಕಿತ್ತು, ಒಂದೊಂದು ಗಡ್ಡೆ ಎತ್ತಲು ಎರಡು ಕೈ ಬೇಕಿತ್ತು. ಉಣ್ಣಲು ಉಡಲು ಸಾಕಾಗುತ್ತಿತ್ತು. ಆದರೆ ಎಲೆಕೋಸು ಎಷ್ಟೇ ದಪ್ಪ ಬೆಳೆದರೂ ಯಾರ ಕೈಗೂ ಆಸ್ಪತ್ರೆ ಕಾರ್ಡು ಕೊಡುವುದಿಲ್ಲ. ನಮ್ಮ ಬೀದಿಯಲ್ಲಿ ಹನ್ನೊಂದು ಮನೆ, ಹನ್ನೊಂದಕ್ಕೂ ಹೊಲ ಇದೆ. ಒಬ್ಬ ಟೈಲ್ಸ್ ಕೂರಿಸುತ್ತಾನೆ, ಒಬ್ಬಳು ಹಾಸ್ಟೆಲ್ಲಿನಲ್ಲಿ ಪಾತ್ರೆ ತೊಳೆಯುತ್ತಾಳೆ, ಇಬ್ಬರು ಅಣ್ಣತಮ್ಮಂದಿರು ಸಿಮೆಂಟ್ ಅಂಗಡಿಯಲ್ಲಿದ್ದಾರೆ. ಹತ್ತು ಮನೆಯವರು ಹಾಗೆ ಬೆಳಿಗ್ಗೆ ಡಬ್ಬಿ ಹಿಡಿದು ಹೊರಡುತ್ತಿದ್ದರು. ಹನ್ನೊಂದನೆಯದು ನಮ್ಮದು. ಅದೊಂದು ನನ್ನ ಗಂಡನ ಹೆಮ್ಮೆ. ಆ ಹೆಮ್ಮೆಯನ್ನು ಮುರಿಯಲು ನನಗೆ ಹದಿನೈದು ದಿನ ಹಿಡಿಯಿತು. ಅತ್ತು ಕರೆದೆ, ಕೂಗಿದೆ, ಎರಡು ದಿನ ಮಾತು ಬಿಟ್ಟೆ. ಕೊನೆಗೆ ಅವರು ತೊಂಬತ್ತೇ ದಿನ, ಆಮೇಲೆ ಒಂದು ದಿನವೂ ಹೆಚ್ಚಿಲ್ಲ ಎಂದು ಕರಾರು ಮಾಡಿ ಹೊರಟರು.

ಮರುದಿನ ಬೆಳಿಗ್ಗೆ ನಾನೂ ಅವರ ಜೊತೆ ಕಂಪನಿಗೆ ಹೋದೆ. ಇವರನ್ನೊಬ್ಬರನ್ನೇ ಬಿಟ್ಟರೆ ಲೆಕ್ಕ ತೀರಿಸಿಕೊಂಡು ಹಗುರಾಗಿ ಬಂದುಬಿಡುತ್ತಾರೆಂಬ ಹೆದರಿಕೆ. ಗೇಟಿನೊಳಗೆ ದಾರಿಯ ಎರಡೂ ಬದಿಯ ಮಣ್ಣು ಬಿತ್ತನೆಗೆ ಸಿದ್ಧವಾದ ಮಡಿಯ ಹಾಗೆ ನುಣ್ಣಗಿತ್ತು. ಹುಲ್ಲು ಕಾಂಕ್ರೀಟಿನ ಮೇಲೆ ಬೇರು ಮೇಲೆ ಮಾಡಿಕೊಂಡು ಸುಟ್ಟುಹೋಗಿತ್ತು. ಬೇರೆಯವರು ಕಿತ್ತಿದ್ದರೆ ಒಂದಿಷ್ಟಾದರೂ ಮತ್ತೆ ನೆಡಲು ಬರುತ್ತಿತ್ತು. ನನ್ನ ಗಂಡ ಕಿತ್ತದ್ದು, ಒಂದೂ ಉಳಿದಿರಲಿಲ್ಲ. ಇಷ್ಟು ಅಚ್ಚುಕಟ್ಟು ಯಾಕಪ್ಪಾ ಕೊಟ್ಟೆ ಈ ಮನುಷ್ಯನಿಗೆ ಅಂತ ಹೊಟ್ಟೆ ಉರಿಯಿತು.

ಸೂಪರ್‌ವೈಸರ್ ನಮಗಿಂತ ಚಿಕ್ಕವನು, ಇಸ್ತ್ರಿ ಮಾಡಿದ ಅಂಗಿ, ಕತ್ತಿನಲ್ಲಿ ಗುರುತಿನ ಚೀಟಿ. ಫೋನಿನಲ್ಲಿ ಹುಲ್ಲಿನ ಹಳೆಯ ಫೋಟೋ ತೆಗೆದು ನಮ್ಮ ಮುಂದೆ ಹಿಡಿದ.

"ಇದು ನಿಮಗೆ ಕಳೆ ಥರ ಕಾಣುತ್ತಾ?"

"ಹೌದು," ಅಂದರು ನನ್ನ ಗಂಡ.

ನಾನು ಅವರ ಕಾಲು ತುಳಿದೆ. "ಅವರಿಗೆ ಗೊತ್ತಿರಲಿಲ್ಲ ಸಾರ್. ಹೊಲದಲ್ಲಿ ಬೆಳೆದವರು. ಒಂದು ಸಲ ಹೊಟ್ಟೆಗೆ ಹಾಕ್ಕೊಳ್ಳಿ."

"ಸೋಮವಾರ ದೊಡ್ಡವರು ಬರ್ತಿದ್ದಾರೆ. ಹೊಸ ತೋಟ ನೋಡೋಕೆ ಅಂತಾನೇ. ನರ್ಸರಿಯವರು ಒಂದು ತಿಂಗಳು ಆಗುತ್ತೆ ಅಂತಾರೆ. ನಾನು ಅವರಿಗೆ ಏನು ತೋರಿಸ್ಲಿ, ಇವರ ಮುಖಾನಾ?" ಅವನ ದನಿ ಒಡೆಯಿತು. ಆಗ ನನಗೆ ಗೊತ್ತಾಯಿತು, ಹೋಗುವುದಾದರೆ ಇವರ ಕೆಲಸ ಒಂದೇ ಅಲ್ಲ, ಅವನದ್ದೂ ಹೋಗುತ್ತದೆ. ಆ ಹೆದರಿಕೆಯೊಂದೇ ನಮಗಿದ್ದ ದಾರಿ.

"ಸೋಮವಾರದೊಳಗೆ ಇದೇ ಹುಲ್ಲು, ಇದೇ ಎತ್ತರದ್ದು, ಇಲ್ಲಿ ನಿಂತಿರುತ್ತೆ ಸಾರ್," ಅಂದೆ. "ನಿಂತಿದ್ರೆ ಇವರನ್ನ ಇಟ್ಕೊಳ್ಳಿ. ಇಲ್ದಿದ್ರೆ ನೀವು ಹೇಳಿದ ಹಾಗೆ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಲ್ಲಿಂದ ತರ್ತೀರಮ್ಮ?" ಅಂದ.

"ಅದು ನಮಗೆ ಬಿಡಿ," ಅಂದೆ, ದೊಡ್ಡ ನರ್ಸರಿ ಇಟ್ಟವಳ ಹಾಗೆ.

ವಾಪಸ್ಸು ಬರುವಾಗ ಸೈಕಲ್ಲು ತಳ್ಳಿಕೊಂಡು ನನ್ನ ಗಂಡ ಅರ್ಧ ದಾರಿ ನಡೆದರು. ಆಮೇಲೆ, "ನಮ್ಮ ಹೊಲದಲ್ಲಿ ಒಂದು ಎಸಳೂ ಇಲ್ಲ," ಅಂದರು. ಹೇಳುವಾಗ ಗಂಟಲಲ್ಲಿ ಹೆಮ್ಮೆ ಇತ್ತು. ಆ ಹೊತ್ತಿನಲ್ಲೂ.

"ಗೊತ್ತು. ಟೈಲ್ಸಣ್ಣನ ಹೊಲದಲ್ಲಿದೆ."

ಅವರು ಸೈಕಲ್ಲು ನಿಲ್ಲಿಸಿದರು. ಅವರ ಮುಖ ನೋಡಿ ನನಗೆ ಪಾಪ ಅನ್ನಿಸಿತು, ಆದರೆ ಬಿಡುವ ಹಾಗಿರಲಿಲ್ಲ.

ಟೈಲ್ಸ್ ಕೂರಿಸುವವನ ಹೊಲ ನಮ್ಮ ಹೊಲಕ್ಕೆ ಅಂಟಿಕೊಂಡಿದೆ. ಹೊರಗೆ ದುಡಿಯುವ ಹತ್ತೂ ಮನೆಗಳ ಹೊಲಗಳ ಹಾಗೆ ಅದರಲ್ಲೂ ಕಳೆ ಕೀಳಲು ಯಾರಿಗೂ ಬಿಡುವಿಲ್ಲ. ವರ್ಷದಲ್ಲಿ ಒಂದು ಬೆಳೆ ಏನೋ ಚೆಲ್ಲುತ್ತಾನೆ, ಉಳಿದ ದಿನ ಬಾಲದ ಹುಲ್ಲಿನದೇ ರಾಜ್ಯ. ಅದರ ಬೀಜ ಗಾಳಿಗೆ ನಮ್ಮ ಕಡೆ ಬರುತ್ತದೆಂದು ನನ್ನ ಗಂಡ ಅವನ ಜೊತೆ ಆಡದ ಜಗಳವಿಲ್ಲ. ಒಮ್ಮೆ ಪಂಚಾಯಿತಿಯವರೆಗೂ ಹೋಗಿದ್ದರು. 'ಹೊಲ ಇಟ್ಕೊಂಡು ಕಳೆ ಸಾಕೋನು ಒಬ್ಬ ರೈತನಾ' ಅಂತ ನಾಲ್ಕು ಜನರ ಎದುರು ಎತ್ತಿ ಆಡಿದ್ದರು. ಈಗ ಅವನ ಬಾಗಿಲಿಗೆ ಹೋಗಿ ಅದೇ ಕಳೆ ಕೊಡಪ್ಪಾ ಅನ್ನಬೇಕು.

ಶನಿವಾರ ಬೆಳಿಗ್ಗೆ ಅವನು ಮೊಣಕಾಲಿಗೆ ಸಿಮೆಂಟ್ ಅಂಟಿದ ಪ್ಯಾಂಟಿನಲ್ಲಿ ಕೆಲಸಕ್ಕೆ ಹೊರಟಿದ್ದ. ನಾನು ಮಾತಾಡುತ್ತೇನೆ ಅಂದಿದ್ದೆ, ಆದರೆ ನನ್ನ ಗಂಡ ನನ್ನನ್ನು ಹಿಂದೆ ಸರಿಸಿ ತಾವೇ ಮುಂದೆ ನಿಂತರು.

"ನಿನ್ನ ಹೊಲದಿಂದ ಒಂದಿಷ್ಟು ಹುಲ್ಲು ಬೇಕಿತ್ತು," ಅಂದರು.

"ದನಕ್ಕಾ?"

"ಅಲ್ಲ. ಬುಡ ಸಮೇತ. ಕಂಪನಿ ತೋಟಕ್ಕೆ ನೆಡಬೇಕು."

ಟೈಲ್ಸಣ್ಣ ಮೊದಲು ತಮಾಷೆ ಅಂದುಕೊಂಡ. ಆಮೇಲೆ ನಾನು ನಡೆದದ್ದು ಹೇಳಿದೆ. ಅವನು ಗೋಡೆಗೆ ಕೈಕೊಟ್ಟು ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನನ್ನ ಗಂಡ ಕದಲದೆ ನಿಂತಿದ್ದರು. ನಕ್ಕು ಮುಗಿದ ಮೇಲೆ ಅವನು ಕಣ್ಣೊರೆಸಿಕೊಂಡು, "ಅಣ್ಣಾ, ಇಷ್ಟು ವರ್ಷ ಇದಕ್ಕೇ ತಾನೆ ನನ್ನ ಮಾನ ಕಳೆದಿದ್ದು? ಈಗ ನೋಡಿದ್ರೆ ನಾನೇ ದೊಡ್ಡ ರೈತ. ಎಷ್ಟು ಬೇಕೋ ಕಿತ್ಕೊಂಡು ಹೋಗಿ," ಅಂದ. ಎರಡು ಹೆಜ್ಜೆ ಹೋದವನು ಮತ್ತೆ ತಿರುಗಿ, "ಮಗೂಗೆ ಕಿವಿ ಅಂತ ಮೊದಲೇ ಹೇಳೋದಲ್ವಾ. ನನ್ನ ಗುದ್ದಲಿ ಹಿತ್ತಲಲ್ಲಿದೆ, ತಗೊಳ್ಳಿ," ಅಂದ. ನಕ್ಕಿದ್ದಕ್ಕಿಂತ ಆ ಮಾತೇ ನನ್ನ ಗಂಡನಿಗೆ ಹೆಚ್ಚು ನಾಟಿರಬೇಕು. ಆ ದಿನವಿಡೀ ತಲೆ ಎತ್ತಲಿಲ್ಲ.

ಎರಡು ದಿನ ನಾವು ಕಳೆಯನ್ನು ಕೂಸಿನ ಹಾಗೆ ಎತ್ತಿದೆವು. ನಾನು ಸುತ್ತ ಅಗೆಯುವುದು, ಅವರು ಬುಡದ ಮಣ್ಣು ಉದುರದಂತೆ ಎರಡೂ ಕೈ ಒಡ್ಡಿ ಎತ್ತುವುದು, ಚೂಟಿ ಒದ್ದೆ ಗೋಣಿ ಸುತ್ತುವುದು. ಅತ್ತೆ ಬದುವಿನ ಮೇಲೆ ಕೂತು, "ಇದನ್ನೆಲ್ಲ ನೋಡೋಕೆ ನನ್ನನ್ನ ಇನ್ನೂ ಇಟ್ಟಿದ್ದಾನಲ್ಲ," ಅಂತ ಗೊಣಗುತ್ತಿದ್ದರು. ಒಂದೇ ಎತ್ತರದ್ದನ್ನೇ ಆರಿಸಬೇಕಿತ್ತು. ಟೈಲ್ಸಣ್ಣ ಭಾನುವಾರ ತನ್ನ ಗೂಡ್ಸ್ ಆಟೋ ತಂದು ನಾಲ್ಕು ಸಲ ಸಾಗಿಸಿದ. ಕಂಪನಿಯಲ್ಲಿ ದಾರಿಯ ಎರಡೂ ಬದಿಗೆ ಹಗ್ಗ ಕಟ್ಟಿ ನನ್ನ ಗಂಡ ನೆಟ್ಟರು. ಎಲೆಕೋಸನ್ನೂ ಅವರು ಅಷ್ಟು ನೇರ ಸಾಲಿನಲ್ಲಿ ನೆಟ್ಟದ್ದು ನಾನು ಕಂಡಿಲ್ಲ. ಹೊತ್ತು ಮುಳುಗುವ ಮುಂಚೆ ಸೂಪರ್‌ವೈಸರ್ ಬಂದು ಈ ತುದಿಯಿಂದ ಆ ತುದಿಗೆ ನಡೆದು ನೋಡಿ, "ಮುಂಚಿನದಕ್ಕಿಂತ ಚೆನ್ನಾಗಿದೆ," ಅಂದ. ನನ್ನ ಗಂಡನಿಗೆ ಅದು ಬೈಗುಳದ ಹಾಗೆ ಕೇಳಿಸಿತು.

ಸೋಮವಾರ ದೊಡ್ಡವರು ಬಂದರಂತೆ. ಕಾರಿನಿಂದ ಇಳಿದು, ಕಿವಿಗೆ ಫೋನಿಟ್ಟುಕೊಂಡು, ಹುಲ್ಲಿನ ಕಡೆ ತಿರುಗಿಯೂ ನೋಡದೆ ನೇರ ಒಳಗೆ ಹೋದರಂತೆ. ಇದಕ್ಕಾಗಿ ಎರಡು ದಿನ ನನ್ನ ಸೊಂಟ ಬಿದ್ದುಹೋಗಿತ್ತು. ಆದರೆ ಕೆಲಸ ಉಳಿಯಿತು.

ಆಮೇಲಿನ ದಿನಗಳನ್ನು ಹೇಗೆ ಹೇಳುವುದು. ಬೆಳಿಗ್ಗೆ ಏಳಕ್ಕೆ ಅವರು ಸೈಕಲ್ಲು ಹತ್ತಿದರೆ ಸಂಜೆ ಆರರವರೆಗೆ ಹೊಲ ನನ್ನದು. ನೀರು ಕಟ್ಟುವುದು ನಾನು, ಔಷಧಿ ಡಬ್ಬ ಬೆನ್ನಿಗೆ ಕಟ್ಟಿಕೊಳ್ಳುವುದು ನಾನು, ಎಲೆಕೋಸು ಕೊಯ್ದು ಗೋಣಿ ಹೊಲಿದು ಮಾರ್ಕೆಟ್ಟಿನ ಲಾರಿಗೆ ಏರಿಸುವುದು ನಾನು. ಲಾರಿಯವನು ಗಂಡಸರಿಲ್ವಾ ಅಂತ ಕೇಳುತ್ತಿದ್ದ, ತಾನು ಹೆಂಗಸೋ ಅನ್ನುವ ಹಾಗೆ ಕೈಕಟ್ಟಿ ನಿಂತುಕೊಂಡು. ಹೊರಗೆ ದುಡಿಯಲು ಹೋದವನು ಒಬ್ಬ, ಎರಡು ಆಳಿನ ಕೆಲಸ ಬಿದ್ದದ್ದು ನನ್ನ ಮೇಲೆ. ಯಾರೂ ನನಗೆ ಸಂಬಳದ ಚೀಟಿ ಕೊಡಲಿಲ್ಲ. ರಾತ್ರಿ ಕಾಲು ಚಾಚಿದರೆ ಮಂಡಿ ತಾನಾಗಿ ನಡುಗುತ್ತಿತ್ತು. ಇದನ್ನು ಯಾರ ಹತ್ತಿರ ಹೇಳಲಿ? ಕಳಿಸಿದವಳು ನಾನೇ ತಾನೆ.

ಅವರಿಗೂ ಸುಖವಿರಲಿಲ್ಲ. ಇಡೀ ದಿನ ಹುಲ್ಲಿಗೆ ನೀರು ಹಾಕುವುದು, ಒಣ ಎಲೆ ಬಾಚುವುದು, ತುದಿ ಕತ್ತರಿಸುವುದು. ಒಂದು ಸಂಜೆ ಕೈ ತೊಳೆಯುತ್ತಾ, "ಇವತ್ತು ಹುಲ್ಲಿಗೆ ಗೊಬ್ಬರ ಹಾಕಿದೆ," ಅಂದರು, ಯಾರದೋ ಮನೆಯಲ್ಲಿ ಕದ್ದು ಬಂದವರ ಹಾಗೆ. ಅತ್ತೆ ಮುಖ ಆಚೆ ತಿರುಗಿಸಿದರು. ನನಗೆ ನಗು ಬಂತು, ನಕ್ಕೆ. ಅವರು ನಗಲಿಲ್ಲ. "ಮೂವತ್ತೆಂಟು," ಅಂದರು. ಅದು ದಿನದ ಲೆಕ್ಕ. ಆಮೇಲೆ ದಿನಾ ಸಂಜೆ ಒಂದು ಸಂಖ್ಯೆ ಹೇಳುವುದು ಬಿಟ್ಟರೆ ಬೇರೆ ಮಾತು ಕಡಿಮೆಯಾಯಿತು.

ಅರವತ್ತೈದನೆಯ ದಿನ ಅವರು ಬಾವಿಯ ಪಕ್ಕ ಸಸಿಮಡಿ ಮಾಡಿ ಎಲೆಕೋಸಿನ ಬೀಜ ಹಾಕಿದರು. ಮೇಲಿನ ಹೊಲದ ನಲವತ್ತು ಸಾಲಿಗೆ ಆಗುವಷ್ಟು. ಕೋಸಿನ ಸಸಿ ಕೀಳುವ ಹದಕ್ಕೆ ಬರಲು ಒಂದು ತಿಂಗಳು ಬೇಕು. ಅದು ಮೀರಿದರೆ ಸಸಿ ಮುದಿಯಾಗುತ್ತದೆ, ಆಮೇಲೆ ನೆಟ್ಟರೆ ಬರೀ ಎಲೆ, ಗಡ್ಡೆ ಕಟ್ಟುವುದಿಲ್ಲ. ಅವರು ಲೆಕ್ಕ ಹಾಕಿಯೇ ಬಿತ್ತಿದ್ದರು. ತೊಂಬತ್ತು ಮುಗಿದು, ಕಾರ್ಡು ಬಂದು, ಆಪರೇಷನ್ನಿನ ದಿನ ಗೊತ್ತಾಗುವ ಹೊತ್ತಿಗೆ ಸಸಿ ಹದಕ್ಕೆ ಬಂದಿರುತ್ತದೆ. ಆಪರೇಷನ್ ಮುಗಿದ ವಾರವೇ ಕೆಲಸ ಬಿಡುತ್ತೇನೆ ಅಂತ ಸೂಪರ್‌ವೈಸರಿಗೂ ಹೇಳಿಟ್ಟಿದ್ದರು. ಮನೆಗೆ ಬಂದ ಕೂಡಲೇ ಬಟ್ಟೆ ಬದಲಿಸದೆ ಮಡಿಯ ಹತ್ತಿರ ಹೋಗಿ ಕೂರುವರು. ಮೊದಲೆರಡು ಎಲೆ ಬಂದ ದಿನ ನನ್ನನ್ನೂ ಕರೆದು ತೋರಿಸಿದರು. ನಾನೂ ಅವರಷ್ಟೇ ಆಸೆಯಿಂದ ನೋಡಿದೆ. ಆ ಸಸಿ ನೆಡುವ ದಿನ ನನ್ನ ಬೆನ್ನಿಗೆ ಬಿಡುಗಡೆ.

ತೊಂಬತ್ತು ಮುಗಿಯಿತು. ಕಾರ್ಡು ಬಂತು. ನೀಲಿ ಬಣ್ಣದ್ದು, ನಾಲ್ಕು ಜನರ ಹೆಸರು. ತೊಂಬತ್ತಾರನೆಯ ದಿನ ಅದನ್ನು ಹಿಡಿದು ನಾನು ಚೂಟಿಯನ್ನು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವರಿಗೆ ರಜೆ ಸಿಗಲಿಲ್ಲ. ಅದೇ ಕೌಂಟರಿನ ಹುಡುಗಿ ಈ ಸಲ ಕುರ್ಚಿ ತೋರಿಸಿ ಕೂತುಕೊಳ್ಳಿ ಅಂದಳು.

ಮೊದಲು ಕೇಳುವ ಪರೀಕ್ಷೆ. ಗಾಜಿನ ಕಿಟಕಿಯಿದ್ದ ಸಣ್ಣ ಕೋಣೆಯಲ್ಲಿ ಚೂಟಿಯನ್ನು ಕೂರಿಸಿ ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿದರು. ಶಬ್ದ ಕೇಳಿಸಿದ ಕೂಡಲೇ ಬೆರಳೆತ್ತಬೇಕು. ಕಿಟಕಿಯ ಈಚೆ ನರ್ಸಮ್ಮ ಮಿಷನ್ನಿನ ಗುಂಡಿ ಒತ್ತುತ್ತಿದ್ದರು, ಪಕ್ಕದಲ್ಲಿ ನಾನು. ಒತ್ತಿದಾಗೆಲ್ಲ ಚೂಟಿ ಬೆರಳೆತ್ತಿದಳು. ಒಂದೂ ತಪ್ಪಲಿಲ್ಲ. ನನ್ನ ಎದೆ ಹಗುರಾಯಿತು. ಮುಂಚಿನ ಡಾಕ್ಟರೇ ತಪ್ಪು ಹೇಳಿರಬೇಕು ಅಂದುಕೊಂಡೆ.

ನರ್ಸಮ್ಮ ಅವಳನ್ನೇ ಸ್ವಲ್ಪ ಹೊತ್ತು ನೋಡಿದರು. ಎದ್ದು ಒಳಗೆ ಹೋಗಿ ಅವಳ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಬಂದರು.

"ನನ್ನ ಕೈ ನೋಡ್ಕೊಂಡು ಎತ್ತುತ್ತಿದ್ದಾಳೆ. ಜಾಣೆ," ಅಂದರು.

ಮತ್ತೆ ಗುಂಡಿ ಒತ್ತಿದರು. ಬೆರಳು ಏಳಲಿಲ್ಲ. ಇನ್ನೊಂದು ಸಲ. ಏಳಲಿಲ್ಲ. ಅವಳು ಗೋಡೆ ನೋಡುತ್ತಾ, ಕೈಯನ್ನು ತೊಡೆಯ ಮೇಲೆ ಸಿದ್ಧವಾಗಿಟ್ಟುಕೊಂಡು, ತುಂಬಾ ಶ್ರದ್ಧೆಯಿಂದ ಕಾಯುತ್ತಾ ಕೂತಿದ್ದಳು. ನರ್ಸಮ್ಮ ಎಷ್ಟು ಸಲ ಒತ್ತಿದರೋ, ನನಗೆ ಎಣಿಸಲಾಗಲಿಲ್ಲ. ಎರಡು ವರ್ಷ ನಮ್ಮ ತುಟಿ ನೋಡಿ, ಕೈ ನೋಡಿ, ಪಕ್ಕದ ಹುಡುಗಿಯ ಪುಸ್ತಕ ನೋಡಿ ಹೀಗೇ ನಿಭಾಯಿಸಿದ್ದಾಳೆ. ಬೆನ್ನು ತಿರುಗಿಸಿ ನಿಂತಾಗ ಕೂಗಿ, ಬರಲಿಲ್ಲವೆಂದು ಹೊಡೆದವಳು ನಾನು. ಅಲ್ಲೇ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಡಾಕ್ಟರು ಕಾಗದದ ಮೇಲೆ ಎರಡು ಗೆರೆ ತೋರಿಸಿದರು. "ಎರಡೂ ಕಿವಿಯಲ್ಲಿ ತೊಂದರೆ ಇದೆಯಮ್ಮ. ಎಡಗಡೆದು ಜಾಸ್ತಿ, ಅದನ್ನ ಈ ತಿಂಗಳು ಮಾಡೋಣ. ಬಲಗಡೆದು ಈಗಲೇ ಮುಟ್ಟೋ ಹಾಗಿಲ್ಲ. ಇದು ಪೂರ್ತಿ ವಾಸಿಯಾಗಿ, ಎಷ್ಟು ಕೇಳುತ್ತೆ ಅಂತ ನೋಡಿ, ಆಮೇಲೆ ಅದು. ಒಂದು ವರ್ಷ ಅಂತ ಇಟ್ಕೊಳ್ಳಿ. ಅಲ್ಲೀವರೆಗೆ ತಿಂಗಳಿಗೊಂದು ಸಲ ತೋರಿಸ್ತಾ ಇರಬೇಕು."

"ಅಲ್ಲೀವರೆಗೂ ಈ ಕಾರ್ಡು ನಡೆಯುತ್ತಾ?"

"ನಿಮ್ಮ ಯಜಮಾನರು ಕೆಲಸದಲ್ಲಿ ಇರೋವರೆಗೂ ನಡೆಯುತ್ತೆ," ಅಂದರು. ಒಳ್ಳೆಯ ಸುದ್ದಿ ಹೇಳಿದ ಹಾಗೆ ನಕ್ಕರು ಕೂಡ.

ಬಸ್ಸಿನಲ್ಲಿ ಚೂಟಿ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದಳು. ನನಗೆ ಎಲ್ಲರ ಮೇಲೂ ಸಿಟ್ಟು ಬರುತ್ತಿತ್ತು. ಬಲಗಿವಿಯನ್ನು ಸರಿಯಾಗಿ ನೋಡದ ಮೊದಲ ಡಾಕ್ಟರ ಮೇಲೆ, ಕೆಂಪು ಶಾಯಿಯ ಟೀಚರ ಮೇಲೆ, ಮುಚ್ಚಳ ಮಾಡುವವರ ಹತ್ತಿರ ಮಗುವಿನ ಕಿವಿಯ ಬೀಗದ ಕೈ ಇಟ್ಟವರು ಯಾರೋ ಅವರ ಮೇಲೆ. ಮನೆಯಲ್ಲಿ ಸಸಿ ನೋಡುತ್ತಾ ಕೂತಿರುವ ಮನುಷ್ಯನಿಗೆ ಇದನ್ನು ಹೇಳಬೇಕಾದವಳು ನಾನೇ ಎಂಬುದರ ಮೇಲೆ.

ಕಂಪನಿಯಿಂದ ಬಂದವರು ಬಾವಿಯ ಹತ್ತಿರವೇ ಇದ್ದರು. ಸಸಿಗೆ ಐದೈದು ಎಲೆ ಬಂದಿತ್ತು, ಕಾಂಡ ಪೆನ್ಸಿಲಿನಷ್ಟು ದಪ್ಪ. ಇನ್ನು ಎರಡು ದಿನದಲ್ಲಿ ಕೀಳಬಹುದು. ನಾನು ಪಕ್ಕದಲ್ಲಿ ಕೂತು ಸುತ್ತಿ ಬಳಸದೆ ಎಲ್ಲಾ ಹೇಳಿಬಿಟ್ಟೆ. ಬೆರಳು ಏಳದಿದ್ದದ್ದೂ ಹೇಳಿದೆ. ಅವರು ಕೂಗಾಡುತ್ತಾರೆ, ಕರಾರು ನೆನಪಿಸುತ್ತಾರೆ ಅಂದುಕೊಂಡು ತಿರುಗಿ ಬೈಯಲು ತಯಾರಾಗಿದ್ದೆ. ಮೂರು ತಿಂಗಳಿಂದ ಬಾಯಿಗೆ ಬಂದು ನುಂಗಿದ್ದೆಲ್ಲ ಸಾಲುಗಟ್ಟಿ ನಿಂತಿತ್ತು.

ಅವರು ಕೂಗಾಡಲಿಲ್ಲ. "ಎರಡೂನಾ," ಅಂದರು. ಒಂದು ಸಸಿಯ ಬುಡಕ್ಕೆ ಮಣ್ಣು ಒತ್ತುತ್ತಾ, "ಮಾತಾಡ್ಸೋವಾಗ ಅವಳ ಎದುರಿಗೇ ನಿಂತ್ಕೋಬೇಕು ಹಾಗಾದ್ರೆ," ಅಂದರು.

"ಹ್ಞೂಂ."

ಎದ್ದು ಮೇಲಿನ ಹೊಲಕ್ಕೆ ನಡೆದರು. ನಾನೂ ಹಿಂದೆ ಹೋದೆ. ಹಿಂದಿನ ಎರಡು ಭಾನುವಾರ ಬಿಡುವು ಮಾಡಿಕೊಂಡು ಅವರು ಅದನ್ನು ಅಗೆದು, ಹೆಂಟೆ ಒಡೆದು, ಗೊಬ್ಬರ ಚೆಲ್ಲಿ ಹದ ಮಾಡಿದ್ದರು. ಸಾಲು ಎಳೆಯುವುದೊಂದು ಬಾಕಿ. ಗುದ್ದಲಿಗೆ ಒರಗಿ ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ನಿನ್ನೊಬ್ಬಳ ಕೈಲಿ ಎಷ್ಟು ಸಾಲು ಆಗುತ್ತೆ?" ಅಂತ ಕೇಳಿದರು.

ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವರು ನನ್ನನ್ನು ಇಂಥದ್ದು ಕೇಳಿದ್ದು ಇದೇ ಮೊದಲು. ಹೊಲದಲ್ಲಿ ಎಷ್ಟು, ಏನು, ಯಾವಾಗ ಅನ್ನುವುದು ಅವರ ಲೆಕ್ಕ, ನಾನು ಕೈ ಮಾತ್ರ. ಕೇಳಿದ ರೀತಿಯಲ್ಲಿ ಕೊಂಕಿರಲಿಲ್ಲ, ಸಿಟ್ಟೂ ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕಾಗಿತ್ತು. ಬೈಯಲು ಬಂದವಳು ಆ ಪ್ರಶ್ನೆಯ ಮುಂದೆ ಲೆಕ್ಕ ಹಾಕುತ್ತಾ ನಿಂತೆ. ನೀರು, ಔಷಧಿ, ಕಳೆ, ಲಾರಿ. ತಿಂಗಳಿಗೊಂದು ದಿನ ಆಸ್ಪತ್ರೆ. ನನ್ನ ಮಂಡಿ.

"ಹದಿನಾಲ್ಕು," ಅಂದೆ.

ಅವರು ತಲೆಯಾಡಿಸಿದರು. ಇನ್ನೊಂದೆರಡು ಆಗಲ್ವಾ ಎಂದು ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ಇಪ್ಪತ್ತಕ್ಕಾದರೂ ಒಪ್ಪುತ್ತಿದ್ದೆ. ಹಗ್ಗ ಬಿಚ್ಚಿ ಬಾವಿಯ ಕಡೆಯಿಂದ ಸಾಲು ಎಳೆಯಲು ಶುರುಮಾಡಿದರು. ನಾನು ಗೂಟ ಹಿಡಿದೆ. ಹದಿನಾಲ್ಕನೆಯ ಸಾಲು ಮುಗಿದ ಮೇಲೆ ಗುದ್ದಲಿಯ ಮಣ್ಣು ಕೆರೆದು ಹೆಗಲ ಮೇಲಿಟ್ಟುಕೊಂಡು ಮನೆಯ ಕಡೆ ಹೊರಟರು. ನೇರ ಹೋದರೆ ಉಳಿದ ಇಪ್ಪತ್ತಾರು ಸಾಲಿನ ಹದ ಮಾಡಿದ ಮಣ್ಣನ್ನು ದಾಟಬೇಕಿತ್ತು. ಅವರು ಅದನ್ನು ತುಳಿಯದೆ, ಬದುವಿನ ಮೇಲೆ ಸುತ್ತು ಹಾಕಿಕೊಂಡು ಹೋದರು.